ಕ್ವಾಂಟಮ್ ಕಲಿಯಲು ನಾಲ್ಕು ದಾರಿ: ನಿಮಗೆ ಯಾವುದು ಸರಿ?

ಮುಂಬೈ ಕಡೆಯ ಮಾಟುಂಗಾ, ಡೊಂಬಿವಿಲಿ, ಪುಣೆಯ ಪಿಂಪ್ರಿ, ಗೋವಾದ ವಾಸ್ಕೋ ಕಡೆಯ ಕನ್ನಡ ಮನೆಗಳಲ್ಲಿ ವಿಜ್ಞಾನ ಓದುವ ಮಕ್ಕಳು ಕಡಿಮೆಯೇನಿಲ್ಲ. ಅವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ. ಕ್ವಾಂಟಮ್ ಮೆಕ್ಯಾನಿಕ್ಸ್ (ಪರಮಾಣು, ಎಲೆಕ್ಟ್ರಾನ್‌ಗಳಂಥ ಅತಿ ಸಣ್ಣ ವಸ್ತುಗಳ ಭೌತಶಾಸ್ತ್ರ) ಕಲಿಯಬೇಕು, ಎಲ್ಲಿಂದ ಶುರು ಮಾಡಲಿ? ಒಬ್ಬ ಮೇಷ್ಟ್ರು ಪ್ಲಾಂಕ್‌ನಿಂದ ಶುರು ಮಾಡು ಅನ್ನುತ್ತಾರೆ. ಇನ್ನೊಬ್ಬರು ನೇರ ಶ್ರೋಡಿಂಗರ್ ಸಮೀಕರಣ ಹಿಡಿ ಅನ್ನುತ್ತಾರೆ. ಯೂಟ್ಯೂಬ್ ತೆರೆದರೆ ಕ್ವಾರ್ಕು, ಹಿಗ್ಸ್, ಸಮಾನಾಂತರ ಲೋಕಗಳು ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ.

ಒಳಗೆ ಹೋಗಲು ಮುಖ್ಯವಾಗಿ ನಾಲ್ಕು ದಾರಿಗಳಿವೆ. ಇತಿಹಾಸದ ದಾರಿ, ಅಲೆಯ ದಾರಿ, ಎರಡು ಸ್ಥಿತಿಗಳ ದಾರಿ, ಕಣಗಳ ದಾರಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡು ಸಾಲು ಎರಡು ಕಂಬದ ಮ್ಯಾಟ್ರಿಕ್ಸ್ ಗುಣಿಸಲು ಬರುತ್ತದೆಯೇ? ಹಾಗಾದರೆ ಎರಡು ಸ್ಥಿತಿಗಳ ದಾರಿ ಹಿಡಿಯಿರಿ. ಗಣಿತ ಬಿಟ್ಟು ತುಂಬ ವರ್ಷ ಆಗಿದ್ದರೆ ಇತಿಹಾಸದಿಂದ ಬನ್ನಿ. ಅಲೆಯ ದಾರಿ ಎರಡನೆಯದಾಗಿ ಬರಲಿ. ಕಣಗಳದ್ದು ಕೊನೆಗೆ. ಕಾರಣಗಳನ್ನು ಈಗ ನೋಡೋಣ.

ಇತಿಹಾಸದ ದಾರಿ

ಹೆಚ್ಚಿನ ಪಠ್ಯಪುಸ್ತಕಗಳು ಹಿಡಿಯುವುದು ಇದನ್ನೇ. ಬಿಸಿಯಾದ ವಸ್ತು ಯಾವ ಬಣ್ಣದ ಬೆಳಕನ್ನು ಎಷ್ಟು ಚೆಲ್ಲುತ್ತದೆ ಎಂಬ ಲೆಕ್ಕ ಹಳೆಯ ಭೌತಶಾಸ್ತ್ರಕ್ಕೆ ಕೂಡುತ್ತಿರಲಿಲ್ಲ. 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಶಕ್ತಿಯನ್ನು ತುಂಡು ತುಂಡಾಗಿ ಎಣಿಸಿದರು, ಲೆಕ್ಕ ಕೂಡಿತು. 1905ರಲ್ಲಿ ಐನ್‌ಸ್ಟೈನ್ ಬೆಳಕೇ ತುಂಡುಗಳಲ್ಲಿ ಬರುತ್ತದೆ ಎಂದರು. 1913ರಲ್ಲಿ ನೀಲ್ಸ್ ಬೋರ್ ಹೈಡ್ರೋಜನ್ ಪರಮಾಣುವಿಗೆ ಮೆಟ್ಟಿಲಿನಂಥ ಶಕ್ತಿಮಟ್ಟಗಳನ್ನು ಕೊಟ್ಟರು. 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನ್‌ಗೆ ಪತ್ರ ಬರೆದು, ಪ್ಲಾಂಕ್ ಸೂತ್ರವನ್ನು ಹೊಸ ಎಣಿಕೆಯಿಂದ ಪಡೆದು ತೋರಿಸಿದರು. ಮುಂದೆ 1925ರಲ್ಲಿ ಹೈಸನ್‌ಬರ್ಗ್ ಮ್ಯಾಟ್ರಿಕ್ಸ್ ಲೆಕ್ಕದಿಂದ, 1926ರಲ್ಲಿ ಶ್ರೋಡಿಂಗರ್ ಅಲೆಯ ಸಮೀಕರಣದಿಂದ ಹೊಸ ಸಿದ್ಧಾಂತ ಕಟ್ಟಿದರು.

ಈ ದಾರಿಯ ಸೊಗಸು ಅದರ ಕಥೆಯಲ್ಲಿದೆ. ಪ್ರತಿ ಹೆಜ್ಜೆಗೂ ಒಂದು ಕಾರಣ ಸಿಗುತ್ತದೆ. ಮನೆಯಲ್ಲೇ ಮಾಡಬಹುದಾದ ಒಂದು ಒಳ್ಳೆಯ ಪ್ರಯೋಗವೂ ಇದೆ. ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಕೆಂಪು, ಹಸಿರು, ನೀಲಿ ಎಲ್‌ಇಡಿ, ಒಂದು ರೆಸಿಸ್ಟರ್, ಒಂದು ಮಲ್ಟಿಮೀಟರ್ ತನ್ನಿ. ವೋಲ್ಟೇಜ್ ನಿಧಾನವಾಗಿ ಏರಿಸುತ್ತಾ ಹೋಗಿ. ಕೆಂಪು ಎಲ್‌ಇಡಿ 1.8 ವೋಲ್ಟ್ ಆಸುಪಾಸಿನಲ್ಲಿ ಮಿನುಗುತ್ತದೆ. ನೀಲಿಗೆ ಸುಮಾರು 2.6 ಬೇಕು. ನೀಲಿ ಬೆಳಕಿನ ಒಂದೊಂದು ತುಂಡಿಗೂ ಜಾಸ್ತಿ ಶಕ್ತಿ ಬೇಕು ಅನ್ನುವುದು ಕಣ್ಣೆದುರಿಗೇ ಕಾಣುತ್ತದೆ. ಬಣ್ಣಗಳ ತರಂಗದೂರ (ಅಲೆಯ ಉದ್ದ) ಗೊತ್ತಿದ್ದರೆ ಪ್ಲಾಂಕ್ ಸ್ಥಿರಾಂಕವನ್ನೇ ಅಂದಾಜು ಮಾಡಬಹುದು. ಉತ್ತರ ಪಕ್ಕಾ ಬರುವುದಿಲ್ಲ, ಆದರೆ ಹತ್ತಿರ ಬರುತ್ತದೆ. ಆ ಸ್ಥಿರಾಂಕದ ಬೆಲೆಯನ್ನು 2019ರಿಂದ 6.62607015 × 10⁻³⁴ ಜೌಲ್-ಸೆಕೆಂಡ್ ಎಂದು ನಿಗದಿ ಮಾಡಿಬಿಟ್ಟಿದ್ದಾರೆ. ಕಿಲೋಗ್ರಾಂನ ಅಳತೆ ಈಗ ಅದರ ಮೇಲೆಯೇ ನಿಂತಿದೆ.

ತೊಂದರೆ ಏನು? ಈ ದಾರಿಯಲ್ಲಿ ಕಲಿತದ್ದನ್ನು ಮರೆಯಬೇಕಾಗುತ್ತದೆ. ಬೋರ್ ಮಾದರಿಯಲ್ಲಿ ಎಲೆಕ್ಟ್ರಾನ್ ವೃತ್ತದಲ್ಲಿ ಸುತ್ತುತ್ತದೆ. ಆ ಚಿತ್ರ ಹೀಲಿಯಂಗೇ ಹೊಂದುವುದಿಲ್ಲ. ಆದರೂ ಹನ್ನೆರಡನೇ ಕ್ಲಾಸಿನಲ್ಲಿ ಅದನ್ನು ಎಷ್ಟು ಗಟ್ಟಿಯಾಗಿ ಕಲಿಸುತ್ತಾರೆ ಎಂದರೆ, ಬಿಎಸ್ಸಿ ಮುಗಿದ ಮೇಲೂ ಮಕ್ಕಳ ತಲೆಯಲ್ಲಿ ಆ ವೃತ್ತಗಳೇ ತಿರುಗುತ್ತಿರುತ್ತವೆ. ಶಿಕ್ಷಕರಿಗೆ, ನಿವೃತ್ತರಿಗೆ, ಕುತೂಹಲಕ್ಕೆ ಓದುವವರಿಗೆ ಇದು ಬಹಳ ಒಳ್ಳೆಯ ದಾರಿ. ಲೆಕ್ಕ ಮಾಡಲು ಕಲಿಯಬೇಕು ಅನ್ನುವವರಿಗೆ ಇದು ತುಂಬ ಸುತ್ತು.

ಎರಡು ಸ್ಥಿತಿಗಳ ದಾರಿ

ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕ್ವಾಂಟಮ್‌ನ ವಿಚಿತ್ರವೆಲ್ಲ ಇಲ್ಲಿ ಕನಿಷ್ಠ ಗಣಿತದಲ್ಲಿ ಕೈಗೆ ಸಿಗುತ್ತದೆ.

1922ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಒಟ್ಟೋ ಸ್ಟರ್ನ್ ಮತ್ತು ವಾಲ್ಟರ್ ಗೆರ್ಲಾಕ್ ಬೆಳ್ಳಿಯ ಪರಮಾಣುಗಳನ್ನು ಒಲೆಯಲ್ಲಿ ಕಾಯಿಸಿ, ಏರುಪೇರಾದ ಕಾಂತಕ್ಷೇತ್ರದ ಮೂಲಕ ಹಾಯಿಸಿದರು. ಪರಮಾಣುಗಳು ಪುಟ್ಟ ಆಯಸ್ಕಾಂತಗಳಂತೆ ಎತ್ತ ಬೇಕಾದರೂ ತಿರುಗಿರಬಹುದು ಎಂದಾದರೆ ಗಾಜಿನ ಮೇಲೆ ಉದ್ದಕ್ಕೂ ಹರಡಿದ ಒಂದು ಪಟ್ಟೆ ಬರಬೇಕಿತ್ತು. ಬಂದದ್ದು ಬೇರೆ ಬೇರೆಯಾದ ಎರಡು ಗೆರೆ. ಮೇಲೆ ಅಥವಾ ಕೆಳಗೆ. ನಡುವೆ ಏನೂ ಇಲ್ಲ.

ಈಗ ಮುಂದುವರಿಸಿ. ‘ಮೇಲೆ’ ಹೋದ ಪರಮಾಣುಗಳನ್ನು ಮಾತ್ರ ತೆಗೆದುಕೊಂಡು ಅದೇ ದಿಕ್ಕಿನ ಇನ್ನೊಂದು ಕಾಂತಕ್ಕೆ ಕಳಿಸಿದರೆ ಎಲ್ಲವೂ ಮತ್ತೆ ಮೇಲೆಯೇ ಹೋಗುತ್ತವೆ. ಸರಿ. ಎರಡನೇ ಕಾಂತವನ್ನು ಅಡ್ಡ ತಿರುಗಿಸಿದರೆ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ಅದೂ ಸರಿ. ಬಲಕ್ಕೆ ಹೋದವನ್ನು ಆರಿಸಿ ಮತ್ತೆ ಮೇಲೆ-ಕೆಳಗೆ ಕಾಂತಕ್ಕೆ ಕಳಿಸಿ. ಈ ಸಲ ಅರ್ಧ ಕೆಳಗೆ ಹೋಗುತ್ತವೆ! ಇವೆಲ್ಲ ಮೊದಲೇ ‘ಮೇಲೆ’ ಎಂದು ಆರಿಸಿಟ್ಟವು, ಅಲ್ವಾ? ಅಡ್ಡ ಅಳೆದ ಕ್ಷಣದಲ್ಲೇ ಮೊದಲಿನ ಉತ್ತರ ಅಳಿಸಿಹೋಯಿತು. ಯಾವುದನ್ನು ಮೊದಲು ಅಳೆಯುತ್ತೀರಿ ಅನ್ನುವುದರ ಮೇಲೆ ಫಲ ಬದಲಾಗುತ್ತದೆ. ಮ್ಯಾಟ್ರಿಕ್ಸ್‌ಗಳನ್ನು ಅದಲುಬದಲು ಮಾಡಿ ಗುಣಿಸಿದರೆ ಉತ್ತರ ಬದಲಾಗುತ್ತದೆ ಎಂದು ಹನ್ನೆರಡನೇ ಕ್ಲಾಸಿನಲ್ಲಿ ಕಲಿತಿದ್ದೀರಲ್ಲ, ಅದೇ ಇಲ್ಲಿ ನಿಸರ್ಗದ ನಿಯಮವಾಗಿ ಬರುತ್ತದೆ. ಕೆಲವು ಜೋಡಿ ಗುಣಗಳನ್ನು ಒಟ್ಟಿಗೆ ಪಕ್ಕಾ ತಿಳಿಯಲಾಗದು ಎನ್ನುವ ಅನಿಶ್ಚಯದ ತತ್ವದ ಬೇರು ಇದೇ.

ಬೆಳ್ಳಿ ಒಲೆ ಮನೆಯಲ್ಲಿ ಸಾಧ್ಯವಿಲ್ಲ. ಆದರೆ ಬೆಳಕಿನಲ್ಲಿ ಇದರ ಜೋಡಿ ಪ್ರಯೋಗ ಸಾಧ್ಯ. ಒಂದು ಎಲ್‌ಸಿಡಿ ಲ್ಯಾಪ್‌ಟಾಪ್, ಎರಡು ಪೋಲರಾಯ್ಡ್ ಕನ್ನಡಕ ಸಾಕು. ಪರದೆಯ ಬೆಳಕು ಮೊದಲೇ ಒಂದು ದಿಕ್ಕಿಗೆ ಪೋಲರೈಸ್ ಆಗಿರುತ್ತದೆ, ಅಂದರೆ ಅದರ ಕಂಪನ ಒಂದೇ ದಿಕ್ಕಿನಲ್ಲಿರುತ್ತದೆ. ಒಂದು ಕನ್ನಡಕವನ್ನು ಪರದೆ ಪೂರ್ತಿ ಕಪ್ಪಾಗುವ ತನಕ ತಿರುಗಿಸಿ ಹಿಡಿಯಿರಿ. ಈಗ ಪರದೆಗೂ ಆ ಕನ್ನಡಕಕ್ಕೂ ನಡುವೆ ಎರಡನೇ ಕನ್ನಡಕವನ್ನು 45 ಡಿಗ್ರಿ ವಾಲಿಸಿ ತೂರಿಸಿ. ಕಪ್ಪಾಗಿದ್ದ ಕಡೆ ಬೆಳಕು ಬರುತ್ತದೆ. ಒಂದು ತಡೆ ಹೆಚ್ಚು ಇಟ್ಟಿದ್ದಕ್ಕೆ ಬೆಳಕು ಬಂತು! ಆದರ್ಶ ಫಿಲ್ಮ್ ಆದರೆ ಪರದೆಯ ಬೆಳಕಿನ ನಾಲ್ಕನೇ ಒಂದು ಭಾಗ ದಾಟುತ್ತದೆ. 45 ಡಿಗ್ರಿಯ ಕೊಸೈನ್ ವರ್ಗ ಅರ್ಧ, ಅರ್ಧದ ಅರ್ಧ ಕಾಲು. ಫುಟ್‌ಪಾತಿನ ಅಗ್ಗದ ಕಪ್ಪು ಕನ್ನಡಕ ಎಷ್ಟೋ ಸಲ ಪೋಲರಾಯ್ಡ್ ಆಗಿರುವುದಿಲ್ಲ. ಕೊಳ್ಳುವ ಮೊದಲು ಒಂದು ಎಲ್‌ಸಿಡಿ ಪರದೆ ಮುಂದೆ ತಿರುಗಿಸಿ ನೋಡಿ. ಸಿನಿಮಾದ 3ಡಿ ಕನ್ನಡಕ ಬೇಡ, ಹೆಚ್ಚಿನವು ಬೇರೆ ತರದ ಪೋಲರೈಸೇಷನ್ ಬಳಸುತ್ತವೆ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಕನ್ನಡಕದ ಪ್ರಯೋಗವನ್ನು ಬರೀ ಬೆಳಕಿನ ಅಲೆಯ ಲೆಕ್ಕದಿಂದಲೂ ವಿವರಿಸಬಹುದು. ಕ್ವಾಂಟಮ್ ಬರುವುದು ಒಂದೊಂದೇ ಫೋಟಾನ್, ಅಂದರೆ ಬೆಳಕಿನ ತುಂಡು, ಕಳಿಸಿದಾಗ. ಫೋಟಾನ್ ಕಾಲು ಭಾಗ ದಾಟುವುದಿಲ್ಲ. ದಾಟಿದರೆ ಇಡಿಯಾಗಿ ದಾಟುತ್ತದೆ, ಇಲ್ಲದಿದ್ದರೆ ಇಲ್ಲ. ಅದೇ ‘ಕಾಲು’ ಈಗ ಸಂಭವನೀಯತೆ ಆಗುತ್ತದೆ. ಅಲೆಯ ಲೆಕ್ಕದ ಅದೇ ಅಂಕಿ ಹೊಸ ಅರ್ಥ ಪಡೆಯುವ ಈ ಜಾಗ ನನಗೆ ಇಡೀ ವಿಷಯದಲ್ಲೇ ಅತಿ ಇಷ್ಟ.

ಈ ದಾರಿ ನೇರವಾಗಿ ಎರಡು ಕಡೆ ತಲುಪಿಸುತ್ತದೆ. ಒಂದು, ಕ್ವಾಂಟಮ್ ಕಂಪ್ಯೂಟರ್. ಅದರ ಮೂಲ ಘಟಕವಾದ ಕ್ಯೂಬಿಟ್ ಅಂದರೆ ಎರಡು ಸ್ಥಿತಿಗಳ ವ್ಯವಸ್ಥೆಯೇ. ಪುಣೆಯ ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರು ಈ ಕಡೆಯಿಂದ ಬಂದರೆ ವಾರಾಂತ್ಯದ ಓದೇ ಸಾಕಷ್ಟು ದೂರ ಒಯ್ಯುತ್ತದೆ. ಇನ್ನೊಂದು, ಆಕಾಶ. ಹೈಡ್ರೋಜನ್‌ನಲ್ಲಿ ಎಲೆಕ್ಟ್ರಾನ್ ಮತ್ತು ಪ್ರೋಟಾನ್‌ನ ಸ್ಪಿನ್ (ಅವನ್ನು ಪುಟ್ಟ ಆಯಸ್ಕಾಂತದಂತೆ ಮಾಡುವ ಗುಣ) ಒಂದೇ ದಿಕ್ಕಿಗಿದ್ದು, ಆಮೇಲೆ ಎದುರುಬದುರಾದರೆ 1420 ಮೆಗಾಹರ್ಟ್ಸ್‌ನ ರೇಡಿಯೋ ಅಲೆ ಹೊರಬರುತ್ತದೆ. ಅದರ ಉದ್ದ 21 ಸೆಂಟಿಮೀಟರ್. ಪುಣೆಯಿಂದ ನಾಸಿಕ್ ಕಡೆ ಹೋಗುವಾಗ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕ ಇದೆ. ತಲಾ 45 ಮೀಟರ್ ಅಗಲದ 30 ಆಂಟೆನಾಗಳು. ದೂರದ ಹೈಡ್ರೋಜನ್‌ನ ಈ ಸದ್ದನ್ನು ಹಿಡಿಯುವುದು ಅದನ್ನು ಕಟ್ಟಿದ ಮುಖ್ಯ ಕಾರಣಗಳಲ್ಲಿ ಒಂದು. ಫೆಬ್ರವರಿ 28ರ ವಿಜ್ಞಾನ ದಿನದ ಸುಮಾರಿಗೆ ಅಲ್ಲಿ ಜನರಿಗೆ ಪ್ರದರ್ಶನ ಇಡುವ ರೂಢಿ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

ಕೊರತೆ ಇಲ್ಲವೆಂದಲ್ಲ. ಪರಮಾಣುವಿನ ಗಾತ್ರ ಯಾಕೆ ಇಷ್ಟು, ಎರಡು ಹೈಡ್ರೋಜನ್‌ಗಳು ಯಾಕೆ ಕೂಡಿಕೊಳ್ಳುತ್ತವೆ, ಇದಕ್ಕೆಲ್ಲ ಇಲ್ಲಿ ಉತ್ತರ ಸಿಗುವುದಿಲ್ಲ. ರಸಾಯನಶಾಸ್ತ್ರ ಇಷ್ಟಪಡುವ ಮಕ್ಕಳಿಗೆ ಇದು ಒಣ ಅನ್ನಿಸಬಹುದು. ಅವರಿಗೆ ಮುಂದಿನ ದಾರಿ.

ಅಲೆಯ ದಾರಿ

1924ರಲ್ಲಿ ಲೂಯಿ ದ ಬ್ರಾಯ್ ಎಲೆಕ್ಟ್ರಾನ್‌ಗೂ ತರಂಗದೂರ ಇದೆ ಎಂದರು. 100 ವೋಲ್ಟ್‌ನಲ್ಲಿ ಓಡಿಸಿದ ಎಲೆಕ್ಟ್ರಾನ್‌ನ ತರಂಗದೂರ ಸುಮಾರು 0.12 ನ್ಯಾನೋಮೀಟರ್. ಹರಳಿನಲ್ಲಿ ಪರಮಾಣುಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿಯೇ 1927ರಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕಲ್ ಹರಳಿನಿಂದ ಎಲೆಕ್ಟ್ರಾನ್‌ಗಳು ಅಲೆಯಂತೆ ಚದುರುವುದನ್ನು ನೋಡಲು ಸಾಧ್ಯವಾಯಿತು. 1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ತಂಡ ಒಂದೊಂದೇ ಎಲೆಕ್ಟ್ರಾನ್ ಕಳಿಸಿ ಚಿತ್ರ ತೆಗೆಯಿತು. ಮೊದಲು ಸುಮ್ನೆ ಅಲ್ಲಲ್ಲಿ ಚುಕ್ಕೆಗಳು. ಸಾವಿರಾರು ಚುಕ್ಕೆ ಸೇರಿದ ಮೇಲೆ ಪಟ್ಟೆಗಳು. ಪ್ರತಿ ಎಲೆಕ್ಟ್ರಾನ್ ಒಂದೇ ಕಡೆ ಬೀಳುತ್ತದೆ. ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಬೀಳಬೇಕು ಅನ್ನುವುದನ್ನು ಅಲೆ ನಿರ್ಧರಿಸುತ್ತದೆ. 1926ರಲ್ಲಿ ಮ್ಯಾಕ್ಸ್ ಬಾರ್ನ್ ಹೇಳಿದ್ದೂ ಇದನ್ನೇ. ಅಲೆಯ ವರ್ಗವೇ ಸಂಭವನೀಯತೆ.

ಮನೆಯಲ್ಲಿ ಅಲೆ ನೋಡಬೇಕೆಂದರೆ ಕೆಂಪು ಲೇಸರ್ ಪಾಯಿಂಟರ್ ಮುಂದೆ ಒಂದು ತಲೆಗೂದಲು ಅಂಟಿಸಿ, ಎರಡು ಮೀಟರ್ ದೂರದ ಗೋಡೆಗೆ ಬೆಳಕು ಬಿಡಿ. ಕೂದಲು 70 ಮೈಕ್ರೋಮೀಟರ್ ದಪ್ಪ ಇದ್ದರೆ ಕಪ್ಪು ಗೆರೆಗಳ ಅಂತರ ಸುಮಾರು 2 ಸೆಂಟಿಮೀಟರ್ ಬರುತ್ತದೆ. ಸ್ಕೇಲಿನಲ್ಲಿ ಅಳೆದು ಕೂದಲಿನ ದಪ್ಪ ಲೆಕ್ಕ ಹಾಕಬಹುದು. ಲೇಸರ್ ಕಣ್ಣಿಗೆ ಬೀಳದಂತೆ ದೊಡ್ಡವರೊಬ್ಬರು ಜೊತೆಗಿರಲಿ.

ಅರೆವಾಹಕ, ರಾಸಾಯನಿಕ ಬಂಧ, ಪೆನ್‌ಡ್ರೈವ್‌ನೊಳಗಿನ ಟನೆಲಿಂಗ್ (ಎಲೆಕ್ಟ್ರಾನ್ ತಡೆಗೋಡೆಯನ್ನು ತೂರಿ ಹೋಗುವುದು), ಎಲ್ಲಕ್ಕೂ ಈ ದಾರಿ ಬೇಕು. ಎಲೆಕ್ಟ್ರಾನ್ ಯಾಕೆ ನ್ಯೂಕ್ಲಿಯಸ್ಸಿಗೆ ಬೀಳುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ. ಅಲೆಯನ್ನು ಚಿಕ್ಕ ಜಾಗಕ್ಕೆ ಒತ್ತಿದಷ್ಟೂ ಅದರ ಚಲನೆಯ ಶಕ್ತಿ ಏರುತ್ತದೆ. ಎಳೆತಕ್ಕೂ ಈ ಏರಿಕೆಗೂ ಸಮ ಬೀಳುವ ಜಾಗವೇ ಹೈಡ್ರೋಜನ್‌ನ ಗಾತ್ರ, 0.053 ನ್ಯಾನೋಮೀಟರ್ ತ್ರಿಜ್ಯ. ಅಲ್ಲಿಂದ ಎಲೆಕ್ಟ್ರಾನ್ ಕಿತ್ತು ತೆಗೆಯಲು 13.6 ಎಲೆಕ್ಟ್ರಾನ್‌ವೋಲ್ಟ್ ಬೇಕು.

ಆದರೆ ಇದಕ್ಕೆ ಡಿಫರೆನ್ಷಿಯಲ್ ಸಮೀಕರಣ ಬೇಕು. ಮೊದಲ ಸೆಮಿಸ್ಟರ್ ಪೂರ್ತಿ ಗಣಿತದಲ್ಲೇ ಕಳೆದುಹೋಗುತ್ತದೆ, ಭೌತಶಾಸ್ತ್ರ ಹಿಂದೆ ಬೀಳುತ್ತದೆ. ಇನ್ನೊಂದು ಅಪಾಯವೂ ಇದೆ. ಓದುವವರು ಆ ಅಲೆ ಜುಹೂ ಸಮುದ್ರದ ಅಲೆಯಂತೆ ನಮ್ಮ ಸುತ್ತಲಿನ ಜಾಗದಲ್ಲೇ ಏಳುತ್ತದೆ ಎಂದುಕೊಳ್ಳುತ್ತಾರೆ. ಎರಡು ಎಲೆಕ್ಟ್ರಾನ್ ಬಂದ ಕೂಡಲೇ, ತಲಾ ಮೂರರಂತೆ, ಅಲೆ ಆರು ಆಯಾಮಗಳಲ್ಲಿ ಇರುತ್ತದೆ. ಮೊದಲು ಎರಡು ಸ್ಥಿತಿಗಳ ದಾರಿಯಲ್ಲಿ ಬಂದವರು ಈ ತಪ್ಪಿಗೆ ಸಿಕ್ಕಿಬೀಳುವುದು ಕಡಿಮೆ.

ಕಣಗಳ ದಾರಿ

ಮಕ್ಕಳನ್ನು ಸೆಳೆಯುವುದು ಇದೇ. ಮೊದಲ ಪಾಠವಾಗಿ ಬೇಡ ಎನ್ನುವುದೂ ಇದನ್ನೇ. ಕಣ ಭೌತಶಾಸ್ತ್ರಕ್ಕೆ ಕ್ವಾಂಟಮ್ ಮತ್ತು ಐನ್‌ಸ್ಟೈನ್‌ರ ವಿಶೇಷ ಸಾಪೇಕ್ಷತೆ ಎರಡೂ ಬೇಕು. ಅವಿಲ್ಲದೆ ಹೋದರೆ ಉಳಿಯುವುದು ಹೆಸರುಗಳ ಪಟ್ಟಿ. ಆರು ಕ್ವಾರ್ಕು, ಆರು ಲೆಪ್ಟಾನ್, ಗ್ಲುಆನ್, ಫೋಟಾನ್, ಡಬ್ಲ್ಯೂ, ಝಡ್, ಹಿಗ್ಸ್. ಒಟ್ಟು 17. ಬಾಯಿಪಾಠ ಮಾಡಬಹುದು, ಅರ್ಥ ಆಗುವುದಿಲ್ಲ.

ಆದರೆ ಓದಲು, ಕೇಳಲು ಇದಕ್ಕಿಂತ ಹತ್ತಿರದ ಕಥೆ ನಮಗೆ ಇಲ್ಲ. ಮುಂಬೈಗೂ ಕನ್ನಡ ನಾಡಿಗೂ ಇಲ್ಲಿ ನೇರ ನಂಟಿದೆ. ಹೋಮಿ ಭಾಭಾ 1939ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಎಲೆಕ್ಟ್ರಾನ್ ಮತ್ತು ಅದರ ಧನವಿದ್ಯುತ್ತಿನ ಜೋಡಿ ಪಾಸಿಟ್ರಾನ್ ಡಿಕ್ಕಿಯ ಅವರ ಲೆಕ್ಕಕ್ಕೆ ಇಂದಿಗೂ ಭಾಭಾ ಸ್ಕ್ಯಾಟರಿಂಗ್ ಎಂದೇ ಹೆಸರು. ಅವರು ಕಟ್ಟಿದ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಟಿಐಎಫ್‌ಆರ್, 1945ರಲ್ಲಿ ಬೆಂಗಳೂರಿನಲ್ಲೇ ಶುರುವಾಗಿ ಅದೇ ವರ್ಷ ಮುಂಬೈಗೆ ಬಂತು. ಅದರ ವಿಜ್ಞಾನಿಗಳು ಮತ್ತೆ ಕರ್ನಾಟಕಕ್ಕೆ ಬಂದರು, ಕೋಲಾರದ ಚಿನ್ನದ ಗಣಿಗೆ. ಆಕಾಶದಿಂದ ಬೀಳುವ ಮ್ಯುಆನ್‌ಗಳು (ಎಲೆಕ್ಟ್ರಾನಿನ ಭಾರವಾದ ಬಂಧುಗಳು) ಆಳಕ್ಕೆ ಹೋದಂತೆ ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯುತ್ತಾ ಇಳಿದರು. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮೇಲಿನಿಂದ ಬರುವ ಮ್ಯುಆನ್ ಬಹುತೇಕ ನಿಂತೇಹೋಯಿತು. ಹಾಗಿದ್ದರೂ ಅಡ್ಡದಿಕ್ಕಿನಿಂದ ಕಣ ಕಂಡರೆ ಅದು ಬಂಡೆಯಲ್ಲಿ ನ್ಯೂಟ್ರಿನೋ (ಯಾವುದಕ್ಕೂ ಸುಲಭವಾಗಿ ತಾಗದೆ ಭೂಮಿಯನ್ನೇ ತೂರಿ ಹೋಗುವ ಕಣ) ಡಿಕ್ಕಿ ಹೊಡೆದು ಹುಟ್ಟಿದ್ದು ಎಂದೇ ಅರ್ಥ. 1965ರಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಸೇರಿದ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳನ್ನು ಅಲ್ಲಿ ಹಿಡಿಯಿತು. ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಅದೇ ವರ್ಷ ಕಂಡಿತು. ಈ ಕೆಲಸದಲ್ಲಿದ್ದ ಬಿ.ವಿ. ಶ್ರೀಕಂಠನ್ ಮೈಸೂರು ಸೀಮೆಯವರು, ಎಂ.ಜಿ.ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. ಇಬ್ಬರೂ ಮುಂದೆ ಟಿಐಎಫ್‌ಆರ್ ನಿರ್ದೇಶಕರಾದರು. ಇಲ್ಲಿನ ಕನ್ನಡ ಮಕ್ಕಳಿಗೆ ಇದು ಗೊತ್ತಿರಲೇಬೇಕು ಎಂಬುದು ನನ್ನ ಆಸೆ.

2012ರ ಜುಲೈ 4ರಂದು ಯುರೋಪಿನ ಕಣ ಪ್ರಯೋಗಾಲಯ ಸರ್ನ್‌ನಲ್ಲಿ ಹಿಗ್ಸ್ ಕಣ ಘೋಷಣೆಯಾದಾಗಲೂ, ಅದನ್ನು ಕಂಡ ಎರಡು ತಂಡಗಳಲ್ಲಿ ಒಂದಾದ ಸಿಎಂಎಸ್‌ನಲ್ಲಿ ಟಿಐಎಫ್‌ಆರ್ ಇತ್ತು. ಇನ್ನೊಂದು ಸಂಗತಿ ಮಾತ್ರ ಹೇಳುತ್ತೇನೆ. ಕಣಗಳನ್ನು ತೂಗುವ ಎಂಇವಿ ಎಂಬ ಅಳತೆಯಲ್ಲಿ ಪ್ರೋಟಾನ್‌ನ ತೂಕ 938. ಒಳಗಿನ ಮೂರು ಕ್ವಾರ್ಕುಗಳ ತೂಕ ಕೂಡಿಸಿದರೆ 9 ಸುಮಾರು. ಉಳಿದದ್ದು, ಅಂದರೆ ನೂರರಲ್ಲಿ 99 ಭಾಗ, ಕ್ವಾರ್ಕುಗಳ ಓಟದ ಮತ್ತು ಗ್ಲುಆನ್‌ಗಳ ಶಕ್ತಿ. ಕ್ವಾರ್ಕು, ಎಲೆಕ್ಟ್ರಾನ್‌ಗಳಿಗೆ ತೂಕ ಕೊಡುವುದು ಹಿಗ್ಸ್ ನಿಜ, ಆದರೆ ನಮ್ಮ ಮೈತೂಕದ ಬಹುಪಾಲು ಅದರಿಂದ ಬಂದದ್ದಲ್ಲ.

ವ್ಯಾಖ್ಯಾನಗಳಲ್ಲಿ ಯಾವುದು?

ಈ ಲೆಕ್ಕಗಳ ಹಿಂದೆ ನಿಜವಾಗಿ ಏನು ನಡೆಯುತ್ತದೆ ಎನ್ನುವುದಕ್ಕೆ ಹಲವು ವ್ಯಾಖ್ಯಾನಗಳಿವೆ. ಬೋರ್ ಬಳಗದ ಕೋಪನ್‌ಹೇಗನ್ ವ್ಯಾಖ್ಯಾನ, 1952ರ ಡೇವಿಡ್ ಬೋಮ್‌ರ ಮಾರ್ಗದರ್ಶಿ ಅಲೆ, 1957ರ ಹ್ಯೂ ಎವರೆಟ್‌ರ ಹಲವು ಲೋಕಗಳು. ಯಾವುದನ್ನು ನಂಬಬೇಕು ಎಂದು ಶುರುವಿನಲ್ಲೇ ಕೇಳುತ್ತಾರೆ. ಈ ಮೂರೂ ನಾವು ಇದುವರೆಗೆ ಮಾಡಿದ ಪ್ರಯೋಗಗಳಿಗೆ ಒಂದೇ ಉತ್ತರ ಕೊಡುತ್ತವೆ. ಹಾಗಾಗಿ ಈಗಲೇ ಆರಿಸಬೇಡಿ. ಮೊದಲು 1964ರ ಜಾನ್ ಬೆಲ್‌ರ ಪ್ರಮೇಯವನ್ನು ಪೆನ್ನು ಹಿಡಿದು ಬಿಡಿಸಿ. ಎರಡು ಸ್ಥಿತಿಗಳ ಎರಡು ಕಣ ಅಷ್ಟೇ ಬೇಕು. ಕಣಗಳು ತಮ್ಮ ಉತ್ತರವನ್ನು ಮೊದಲೇ ಹೊತ್ತು ತಂದಿರುತ್ತವೆ, ದೂರದ ಅಳತೆ ಅದನ್ನು ಮುಟ್ಟುವುದಿಲ್ಲ ಎಂಬ ಎರಡೂ ಮಾತು ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ ಎಂದು ಅದು ತೋರಿಸುತ್ತದೆ. ಇದನ್ನು ಪ್ರಯೋಗದಲ್ಲಿ ಪರೀಕ್ಷಿಸಿದ ಕ್ಲೌಸರ್, ಆಸ್ಪೆ, ಝೈಲಿಂಗರ್ ಅವರಿಗೆ 2022ರ ನೊಬೆಲ್ ಬಂತು. ಇದಾದ ಮೇಲೆ ಮಾಡುವ ಚರ್ಚೆಗೆ ತೂಕ ಇರುತ್ತದೆ.

ಎಲ್ಲಿ ಓದುವುದು?

ಮುಂಬೈಯಲ್ಲಿ ಭೌತಶಾಸ್ತ್ರವನ್ನೇ ಜೀವನ ಮಾಡಿಕೊಳ್ಳಬೇಕು ಅನ್ನುವವರಿಗೆ ಕಲೀನಾದ ಯುಎಂ-ಡಿಎಇ ಸಿಇಬಿಎಸ್ (ಮುಂಬೈ ವಿಶ್ವವಿದ್ಯಾಲಯ ಮತ್ತು ಅಣುಶಕ್ತಿ ಇಲಾಖೆಯ ಮೂಲ ವಿಜ್ಞಾನ ಕೇಂದ್ರ) ಒಳ್ಳೆಯದು. ಐದು ವರ್ಷದ ಎಂಎಸ್ಸಿ, ಪ್ರವೇಶ ನೆಸ್ಟ್ ಪರೀಕ್ಷೆಯಿಂದ. ಪುಣೆಯಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆ ಐಸರ್, ಪ್ರವೇಶ ಐಎಟಿ ಪರೀಕ್ಷೆಯಿಂದ. ಎರಡರಲ್ಲಿ ಆರಿಸಬೇಕಾದರೆ, ಭೌತಶಾಸ್ತ್ರವೇ ಎಂದು ಪಕ್ಕಾ ಇಲ್ಲದವರಿಗೆ ಐಸರ್ ವಾಸಿ. ಅಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರದ ರುಚಿಯೂ ಚೆನ್ನಾಗಿ ಸಿಗುತ್ತದೆ. ಎಂಜಿನಿಯರಿಂಗ್ ಒಲವಿದ್ದರೆ ಪೊವಾಯಿಯ ಐಐಟಿ. 2023ರಲ್ಲಿ ಒಪ್ಪಿಗೆಯಾದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಕ್ವಾಂಟಮ್ ಸೆನ್ಸಿಂಗ್‌ನ ಕೇಂದ್ರ ಅದೇ. ಗೋವಾದಲ್ಲಿ ಝುವಾರಿನಗರದ ಬಿಟ್ಸ್ ಖಾಸಗಿ, ಶುಲ್ಕ ಜಾಸ್ತಿ. ಬಿಎಸ್ಸಿ ಮುಗಿಸಿದವರಿಗೆ ತಾಳೆಗಾಂವ್ ಗುಡ್ಡದ ಗೋವಾ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಇದೆ.

ಮಾಮೂಲಿ ಕಾಲೇಜಿನಲ್ಲಿ ಬಿಎಸ್ಸಿ ಸೇರಿದವರು ಕೊರಗಬೇಕಾಗಿಲ್ಲ. ಮಾನ್‌ಖುರ್ದ್‌ನ ಹೋಮಿ ಭಾಭಾ ಕೇಂದ್ರ ಬಿಎಸ್ಸಿ ಮಕ್ಕಳಿಗಾಗಿ ನಿಯುಸ್ ಎಂಬ ವಿಜ್ಞಾನ ತರಬೇತಿ ಕಾರ್ಯಕ್ರಮ ನಡೆಸುತ್ತದೆ. ಟಿಐಎಫ್‌ಆರ್‌ನಲ್ಲಿ ಬೇಸಿಗೆಗೆ ವಿಎಸ್‌ಆರ್‌ಪಿ ಎಂಬ ವಿದ್ಯಾರ್ಥಿ ಸಂಶೋಧನಾ ಕಾರ್ಯಕ್ರಮ ಇದೆ. ಎಂಎಸ್ಸಿಗೆ ಐಐಟಿ ಸೇರಲು ಜ್ಯಾಮ್ ಪರೀಕ್ಷೆ. ಐಐಟಿಗಳು ಅಂತರ್ಜಾಲದಲ್ಲಿ ಕೊಡುವ ಎನ್‌ಪಿಟೆಲ್ ಪಾಠಗಳು ಉಚಿತ. ಪಾಠದ ಪಟ್ಟಿ ನೋಡಿ, ಸ್ಪಿನ್ ಮತ್ತು ಮ್ಯಾಟ್ರಿಕ್ಸ್ ಮೊದಲ ವಾರಗಳಲ್ಲೇ ಬರುವ ಕೋರ್ಸ್ ಆರಿಸಿಕೊಳ್ಳಿ. ಕೆಲಸದಲ್ಲಿರುವವರಿಗೂ ಅದೇ ಕೋರ್ಸ್ ಸಾಕು. ಗಣಿತ ಬೇಡ, ಕೇಳಿ ತಿಳಿಯಬೇಕು ಅನ್ನುವ ಹಿರಿಯರಿಗೆ ಟಿಐಎಫ್‌ಆರ್‌ನವರು ಜುಹೂವಿನ ಪೃಥ್ವಿ ಥಿಯೇಟರಿನಲ್ಲಿ ನಡೆಸುತ್ತಾ ಬಂದಿರುವ ‘ಚಾಯ್ ಅಂಡ್ ವೈ’ ಭಾನುವಾರದ ಮಾತುಕತೆ ಇದೆ. ಹೋಗುವ ಮೊದಲು ಆ ವಾರದ ವಿಷಯ ಮತ್ತು ಭಾಷೆ ಏನೆಂದು ನೋಡಿಕೊಳ್ಳಿ.